ಮಿಡತೆಯ ಡಿಕ್ಕಿ

—ಬ್ರೇಕು, ಬ್ರೇಕು ಹಾಕಪ್ಪಾ ಮಹರಾಯ, ದೀಪ ಆಗಲೇ ಹಳದಿಗೆ ತಿರುಗಿದೆ, ಎಂದು ಅವಳ ಬಲಗಾಲು ಬಸ್ಸಿನ ನೆಲವನ್ನು ಒತ್ತಿತು, ಅಲ್ಲಿ ಬ್ರೇಕೂ ಇಲ್ಲ ಎಂಥದೂ ಇಲ್ಲ, ಯಾರೋ ಬಿಸಾಡಿದ ಟಿಕೆಟ್ಟು ಅಷ್ಟೇ, ಇದೇ ದಾರಿಯಲ್ಲಿ ಇದೇ ಬಸ್ಸು ಓಡಿಸಿ ಓಡಿಸಿ ಸವೆದ ಕಾಲು, ಈಗ ರಜೆಯ ಮೇಲಿದ್ದೇವೆ, ಕಿಟಕಿ ಪಕ್ಕ ತೆಪ್ಪಗೆ ಕೂತಿರಬೇಕು ಎಂದರೆ ಅದಕ್ಕೆ ತಿಳಿಯುವುದೇ ಇಲ್ಲ — ತಲೆಯ ಮೇಲೆ ಕೂದಲಿಲ್ಲ, ಸ್ಕಾರ್ಫು ಗಾಳಿಗೆ ಜಾರುತ್ತಿದೆ, ಜಾರಲಿ, ಇವತ್ತು ಏನು ಬೇಕಾದರೂ ಜಾರಲಿ, ಎದೆಯ ಗಂಟು ಕುಗ್ಗಿದೆ! ದೊಡ್ಡ ಗೋಲಿಯಷ್ಟಿದ್ದದ್ದು ಬಟಾಣಿ ಕಾಳಿನಷ್ಟಾಗಿದೆ, ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು, ಇನ್ನೂ ಆಪರೇಷನ್ ಇದೆ, ಈಗಲೇ ಕುಣೀಬೇಡಿ, ಆದ್ರೆ ಔಷಧಿ ಕೆಲಸ ಮಾಡ್ತಿದೆ, ಬೇಗ ಸಿಕ್ಕಿದ್ದೇ ಪುಣ್ಯ, ಅಂದ ಹಾಗೆ ನಿಮಗೆ ಮೊದಲು ಹೇಗೆ ಗೊತ್ತಾಯ್ತು, ಅಂದರು, ಮಗಳು ಡಿಕ್ಕಿ ಹೊಡೆದಳು ಡಾಕ್ಟ್ರೇ ಅಂದಳು ಇವಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಣೀಬೇಡಿ ಎಂದರೆ ಎದೆ ಕೇಳಬೇಕಲ್ಲ, ಅದು ಬಸ್ಸಿಗಿಂತ ಮುಂದೆ ಓಡುತ್ತಿದೆ.

ಇವತ್ತು ಹೇಳಿಯೇ ಬಿಡುವುದು, ಮಗಳಿಗೆ, ಎಲ್ಲಾ, ಅತ್ತೆ ಮುಖ ಊದಿಸಿಕೊಂಡರೂ ಸರಿ — ಕಾಯಿಲೆಯ ಹೆಸರನ್ನೇ ಅತ್ತೆ ಮನೆಯಿಂದ ಗಡಿಪಾರು ಮಾಡಿದ್ದಾರೆ, ಸುಸ್ತು ಅನ್ನು, ನಿಶ್ಶಕ್ತಿ ಅನ್ನು, ಏಳು ವರ್ಷದ ಕೂಸಿಗೆ ಅದೆಲ್ಲ ಯಾಕಮ್ಮಾ, ಗಂಡನೂ ಅಮ್ಮನ ತಾಳಕ್ಕೆ ತಲೆಯಾಡಿಸಿದ, ಇವಳೂ ಸುಮ್ಮನಿದ್ದಳು, ಸುಮ್ಮನಿರುವುದು ಸುಲಭವಾಗಿತ್ತು. ಆದರೆ ಇವತ್ತು ನರ್ಸು, ಸೂಜಿ ಚುಚ್ಚುವಾಗಲೂ ತಮಾಷೆ ಮಾಡುವವಳು, ತಮಾಷೆ ಬಿಟ್ಟು ಹೇಳಿದಳು, ಕಾಯಿಲೆಯನ್ನ ಅದರ ಹೆಸರಿಂದಲೇ ಕರೀರಿ, ಮುಟ್ಟಿದ್ರೆ ಅಂಟಲ್ಲ ಅನ್ನಿ, ಅದಕ್ಕೂ ಮುಂಚೆ ಅವಳೇನು ತಿಳ್ಕೊಂಡಿದಾಳೆ ಕೇಳಿ, ನಾವು ಹೇಳ್ದೇ ಬಿಟ್ಟಿದ್ದನ್ನ ಮಕ್ಕಳು ತಾವೇ ಕಟ್ಕೋತಾರೆ, ಎಷ್ಟೋ ಮಕ್ಕಳು ನನ್ನಿಂದಲೇ ಹೀಗಾಯ್ತು ಅಂದ್ಕೋತಾರೆ. ಅಯ್ಯೋ ನಮ್ಮ ಮಿಡತೆ ಹಾಗಲ್ಲ ಸಿಸ್ಟರ್, ಅಂದಿದ್ದಳು ಇವಳು. ಮಿಡತೆ ಎಂದರೆ ಮಗಳೇ, ನೆಲದ ಮೇಲೆ ನಡೆದದ್ದೇ ಅಪರೂಪ, ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ಅಪ್ಪನ ಬೆನ್ನಿಗೆ, ಈಚೆಗೆ ಮಾತ್ರ ಅದೇನು ಗಾಂಭೀರ್ಯ, ಹಾರುವುದಿಲ್ಲ ಕುಣಿಯುವುದಿಲ್ಲ, ಅಮ್ಮ ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬರ ಹಾಗೆ ದೂರ ನಿಲ್ಲುತ್ತಾಳೆ, ಎಷ್ಟು ಜಾಣೆಯಾಗಿದ್ದಾಳೆ ನೋಡು ಎಂದು ಅತ್ತೆಗೆ ಹಿಗ್ಗೋ ಹಿಗ್ಗು, ಇವಳಿಗೂ ಹಿಗ್ಗೇ.

ಗಂಟೆ ಹೊಡೆಯಿತು, ಬಸ್ಸು ಶಾಲೆಯ ಹತ್ತಿರ ನಿಂತಿತು, ಬೆನ್ನಿಗೆ ಚೀಲ ಹೊತ್ತ ಯಾರದೋ ಮಗು ಫುಟ್‌ಬೋರ್ಡಿನಿಂದ ಕೆಳಗೆ ಕಾದಿದ್ದ ಅಪ್ಪನ ಎದೆಗೆ ಧೊಪ್ಪನೆ ಹಾರಿತು, ಅಪ್ಪ ಹಾ ಎಂದು ಒಂದು ಹೆಜ್ಜೆ ಹಿಂದೆ ಸರಿದ, ನಕ್ಕ — ಇವಳ ಬಲಗಾಲು ಮತ್ತೆ ನೆಲವನ್ನು ಒತ್ತಿತು, ಈ ಸಲ ಇಡೀ ಮೈಯೇ ಒತ್ತಿತು. ಮೆಟ್ಟಿಲು. ಮನೆಯ ಮುಂದಿನ ಮೆಟ್ಟಿಲು. ಅವತ್ತು ಪಾಳಿ ಮುಗಿಸಿ ಬಂದಾಗ ಮಿಡತೆ ಮೇಲಿನ ಮೆಟ್ಟಿಲಿಂದ ಅಮ್ಮಾ ಹಿಡ್ಕೋ ಎಂದು ಹಾರಿದ್ದಳು, ಗಟ್ಟಿ ತಲೆ ನೇರ ಎಡ ಎದೆಗೆ, ಇವಳು ಕಿರುಚಿಕೊಂಡು ಅಲ್ಲೇ ಕುಸಿದಿದ್ದಳು, ಅತ್ತೆ ಒಳಗಿನಿಂದ ಓಡಿ ಬಂದು ಏನು ಮಾಡಿದೆಯೇ ನಿಮ್ಮಮ್ಮನಿಗೆ ಎಂದು ಕೂಗಿದ್ದರು, ನೋವಾದ ಕಡೆ ಉಜ್ಜಿಕೊಳ್ಳುವಾಗ ಬೆರಳಿಗೆ ಆ ಗೋಲಿ ಸಿಕ್ಕಿತ್ತು, ಆಮೇಲೆ ಆಸ್ಪತ್ರೆ, ಪಿಸುಮಾತು, ಬಾಗಿಲು ಹಾಕಿಕೊಂಡು ಅತ್ತದ್ದು, ದಿಂಬಿನ ತುಂಬ ಉದುರಿದ ಕೂದಲು, ಇಷ್ಟರಲ್ಲೂ ಮಗುವಿಗೆ ಯಾರೂ ಏನೂ ಹೇಳಲಿಲ್ಲ, ಹೇಳಿದ್ದು ಒಂದೇ ಮಾತು, ಏನು ಮಾಡಿದೆಯೇ ನಿಮ್ಮಮ್ಮನಿಗೆ. ಜಾಣತನವಂತೆ, ಜಾಣತನ! ನಿನ್ನ ಕಣ್ಣಿಗೇನು ಮಂಕು ಕವಿದಿತ್ತೇನೇ, ಆ ಕೈಗಳನ್ನು ಅವಳು ಕಟ್ಟಿಕೊಂಡದ್ದು ಅಮ್ಮನಿಗೆ ಮತ್ತೆ ಎಲ್ಲಿ ತಾಗಿಬಿಡುತ್ತದೋ ಎಂದು.

ಆದರೆ ನಡೆದದ್ದು ಉಲ್ಟಾ, ಪೂರಾ ಉಲ್ಟಾ, ಗಂಟು ಮೊದಲೇ ಒಳಗೆ ಕಳ್ಳನ ಹಾಗೆ ಅಡಗಿ ಕೂತಿತ್ತು, ಹಿಡಿದುಕೊಟ್ಟವಳೇ ಅವಳು, ಇದನ್ನು ಡಾಕ್ಟರಮ್ಮನಿಗೆ ಹೇಳಿ ನಕ್ಕು ಬಂದಿದ್ದೇನೆ, ಹೇಳಬೇಕಾದವಳಿಗೆ ಹೇಳಿಲ್ಲ! ಎದ್ದು ಕಂಬಿ ಹಿಡಿದು ಮುಂದೆ ಹೋದಳು, ತಮ್ಮಾ ಒಂಚೂರು ಒತ್ತೋ, ಡ್ರೈವರು ಕನ್ನಡಿಯಲ್ಲೇ ನಕ್ಕ, ಅಕ್ಕಾ, ಶಾಲೆ ಹತ್ರ ನಿಧಾನ ಅಂತ ಬೈದು ಕಲಿಸಿದ್ದು ನೀವೇ ಅಲ್ವಾ, ಹೌದಪ್ಪಾ ಹೌದು, ನನ್ನ ವಿದ್ಯೆ ನನಗೇ ತಿರುಗಿತು, ಅಂಗಡಿ, ಔಷಧಿಯಂಗಡಿ, ತಿರುವು, ಇಳಿದಳು, ಸ್ಕಾರ್ಫು ಕೈಯಲ್ಲೇ, ಬೋಳು ತಲೆಗೆ ಬಿಸಿಲು, ಸುಸ್ತು ಎಲ್ಲಿ ಹೋಯಿತೋ, ಕಾಲು ಓಡುತ್ತಿದೆ.

ಮೇಲಿನ ಮೆಟ್ಟಿಲಲ್ಲಿ ಮಿಡತೆ ನಿಂತಿದ್ದಾಳೆ, ಕೈ ಬೆನ್ನ ಹಿಂದೆ. ಹಿಂದೆ ಬಾಗಿಲಲ್ಲಿ ಅತ್ತೆ. ಕೇಳಬೇಕು, ಹೇಳುವ ಮುಂಚೆ ಕೇಳಬೇಕು, ಏದುಸಿರು ನುಂಗಿಕೊಂಡು, ಮಿಡತೇ, ಅಮ್ಮನಿಗೆ ಯಾಕೆ ಹುಷಾರಿಲ್ಲ ಅಂತ ನಿನಗನ್ಸುತ್ತೆ, ಮಗು ತನ್ನ ಚಪ್ಪಲಿಯನ್ನೇ ನೋಡುತ್ತದೆ, ನಾನು ಹಾರಿದ್ನಲ್ಲ. ಅಷ್ಟೇ, ಅಳುವೂ ಇಲ್ಲ, ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಳು ನನ್ನ ಪುಟ್ಟಿ — ಇಲ್ಲ ಕಂದಾ, ಅಮ್ಮನಿಗೆ ಕ್ಯಾನ್ಸರ್ ಅನ್ನೋ ಕಾಯಿಲೆ ಇದೆ, ಅತ್ತೆಯ ಕೈ ಬಾಯಿಗೆ ಹೋಯಿತು, ಹೋಗಲಿ, ಅದು ನೀನು ಹಾರೋಕ್ಕಿಂತ ಮುಂಚೇನೇ ಒಳಗೆ ಬಚ್ಚಿಟ್ಕೊಂಡಿತ್ತು, ಹಾರಿದ್ರೆ ಬರಲ್ಲ, ಮುಟ್ಟಿದ್ರೆ ಅಂಟಲ್ಲ, ನೀನು ಡಿಕ್ಕಿ ಹೊಡೆದಿದ್ದಕ್ಕೇ ಸಿಕ್ಕಿಬಿತ್ತು. ನಾನಾ? ನೀನೇ ಕಣೇ, ಬೇಕಾದ್ರೆ ಡಾಕ್ಟ್ರನ್ನ ಕೇಳು. ಸಾಯ್ತೀಯಾ? ಬಿಡ್ತು ಅನ್ನು ಎಂದರು ಅತ್ತೆ, ಕೇಳ್ಲಿ ಬಿಡಿ ಅತ್ತೆ, ಕೇಳ್ಲಿ, ಔಷಧಿ ಕೆಲಸ ಮಾಡ್ತಿದೆ ಪುಟ್ಟಾ, ಗೋಲಿ ಬಟಾಣಿ ಆಗಿದೆ, ಮುಂದೆ ಏನೇ ಬದಲಾದ್ರೂ ಪಿಸುಗುಟ್ಟಲ್ಲ, ನಿನಗೂ ಹೇಳ್ತೀನಿ. ಮಗು ಯೋಚಿಸುತ್ತದೆ, ಕಣ್ಣು ಕಿರಿದು ಮಾಡಿ ದೂರ ಅಳೆಯುತ್ತದೆ, ಹಂಗಾದ್ರೆ ಈಗ ಹಾರ್ಬಹುದಾ, ಹಾರೇ, ಎಡಕ್ಕೆ ನೋ ಎಂಟ್ರಿ, ಬಲಗಡೆಗೆ ಬಾ, ಬಲಗಾಲನ್ನು ನೆಲಕ್ಕೆ ಒತ್ತಿ ನಿಂತಳು, ಬೆನ್ನ ಹಿಂದಿನಿಂದ ಒಂದು ಕೈ ಈಚೆ ಬಂತು, ಇನ್ನೊಂದೂ ಬಂತು, ಮೊಣಕಾಲು ಮಡಚಿದವು, ಕೈ, ಎರಡೂ ಕೈ, ಅಗಲವಾಗಿ, ಗಾಳಿಯಲ್ಲಿ, ಆ ಎರಡು ಕೈ —