ಬಾಲವಿಲ್ಲದ ಹಾಡು

ಸಿಡಿಲು ತನ್ನ ಸ್ವಂತ ಆಲ್ಬಮ್ಮಿನ ಮೊದಲ ಹಾಡಿಗೆ ಬಾಯಿ ತೆರೆದಾಗ, ಹಿಂದಿನ ಬೀದಿಯಲ್ಲಿ ಚಕ್ರವೂ ಇಲ್ಲದೆ ತುಕ್ಕು ಹಿಡಿದು ಬಿದ್ದಿದ್ದ ಕಾರೊಂದು ತಾನಾಗಿಯೇ ಸ್ಟಾರ್ಟ್ ಆಗಿ, ತಿರುವಿನಲ್ಲಿ ಹಾರ್ನ್ ಬೇರೆ ಹೊಡೆದು, ಸ್ಟುಡಿಯೋ ಬಾಗಿಲಿಗೆ ಬಂದು ನಿಂತು ಹಾಡು ಕೇಳಿತು. ಒಳಗೆ ಡ್ರೈವರ್ ಇರಲಿಲ್ಲ. ಪೆಟ್ರೋಲೂ ಇರಲಿಲ್ಲ. ಇದನ್ನು ಊರಿಗೆ ಊರೇ ಕಣ್ಣಾರೆ ಕಂಡಿದೆ. ಕೇಳಿದರೆ ಮಾತ್ರ ಒಬ್ಬರೂ ಒಪ್ಪುವುದಿಲ್ಲ. ಹೊಟ್ಟೆಕಿಚ್ಚು, ಇನ್ನೇನು?

ಸಿಡಿಲು ಎಂಬುದು ಅವಳಿಗೆ ಅವಳೇ ಇಟ್ಟುಕೊಂಡ ಹೆಸರು. ಅಮ್ಮ ಕರೆಯುತ್ತಿದ್ದುದು ಬಾಯಿಬಡುಕಿ ಎಂದು. ಹನ್ನೊಂದು ವರ್ಷ ಅವಳು ಅಣ್ಣನ ಬ್ಯಾಂಡಿನಲ್ಲಿ ಹಾಡಿದ್ದಳು. ಅಣ್ಣನದು ಡ್ರಮ್ಮು, ಅಣ್ಣನ ಗೆಳೆಯನದು ಕೀಬೋರ್ಡು, ಮುಂದಿನ ಮೈಕು ಸಿಡಿಲಿನದು, ಪಕ್ಕದ ಮೈಕು ಅತ್ತಿಗೆಯದು. ಒಂದು ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಬಳಿ ಯಾರೋ ಪುಣ್ಯಾತ್ಮ, "ನಿಮ್ಮಿಬ್ಬರದ್ದೂ ಸೇರಿ ಒಂದೇ ಗಂಟಲು ಕಣ್ರೀ" ಎಂದು ಹೊಗಳಿಬಿಟ್ಟ. ಸಿಡಿಲಿಗೆ ಮೈಯೆಲ್ಲ ಉರಿದುಹೋಯಿತು.

"ಗಂಟಲು ನಂದು. ಅತ್ತಿಗೇದು ಬರೀ ಬಾಲ," ಎಂದಳು.

ಅತ್ತಿಗೆ ಹಿಂದೆಯೇ ನಿಂತು ಮೈಕಿನ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಹೌದಾ ಸಿಡಿಲಮ್ಮ? ಬಾಲ ಕಿತ್ತ ಗಾಳಿಪಟ ಎಷ್ಟು ಎತ್ತರ ಹೋಗುತ್ತೆ ನೋಡೋಣ, ಹಾರು."

ಸಿಡಿಲು ಹಾರಿದಳು. ಮರುದಿನವೇ ಬ್ಯಾಂಡು ಬಿಟ್ಟಳು.

ಸ್ಟುಡಿಯೋ ಇದ್ದುದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನು ಬಂದ್. ಗಾಜಿನಾಚೆ ರೆಕಾರ್ಡಿಂಗ್ ಇಂಜಿನಿಯರ್ ಬಿಸ್ಕತ್ತು ತಿನ್ನುತ್ತ ಕೂತಿದ್ದ. ಸಿಡಿಲು ಒಂದೇ ಪಟ್ಟಿಗೆ ಹಾಡಿ, ಬೆವರೊರೆಸಿಕೊಂಡು, ಕಾರಿನ ಸಂಗತಿ ಬಿಟ್ಟು ಬೇರೇನೂ ಕೇಳಲು ಸಿದ್ಧಳಲ್ಲದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಾ, ಸಾಲು ಮುಗೀಲಿಲ್ಲ," ಎಂದ ಅವನು.

"ಏನು ಮುಗೀಲಿಲ್ಲ? ಎರಡು ಕಿವಿ ಇದೆಯೋ, ಒಂದನ್ನ ಚಹಾದಲ್ಲಿ ಅದ್ದಿಕೊಂಡು ತಿಂದ್ಯೋ?"

ಅವನು ಹಾಡನ್ನು ಮತ್ತೆ ಹಚ್ಚಿದ. 'ಬೀದಿ ದೀಪ ಆರಿಸಬೇಡ, ನಾನಿನ್ನೂ' ಎಂದು ಅವಳ ದನಿ ಮುಗಿಲಿಗೇರಿತು. ಏರಿದ್ದು ಅಲ್ಲೇ ನಿಂತಿತು. 'ಬಂದಿಲ್ಲ' ಎಂಬ ಪದ ಇರಬೇಕಾದ ಕಡೆ ಬರೀ ತಾಳ ಹೋಗುತ್ತಿತ್ತು.

ಆಮೇಲೆ ಗೊತ್ತಾಯಿತು, ಅದೊಂದೇ ಹಾಡಲ್ಲ, ಎಲ್ಲ ಹಾಡಿನ ಎಲ್ಲ ಸಾಲೂ ಹಾಗೆಯೇ. ಬ್ಯಾಂಡಿನಲ್ಲಿ ಸಾಲಿನ ಕೊನೆಯ ಪದ ಯಾವಾಗಲೂ ಅತ್ತಿಗೆಯದು. ಅದು ತನ್ನದಲ್ಲವೆಂದು ಸಿಡಿಲು ಇದ್ದಬದ್ದ ಉಸಿರನ್ನೆಲ್ಲ ಅದಕ್ಕೆ ಮೊದಲೇ ಸುರಿದುಬಿಡುತ್ತಿದ್ದಳು. ಜನ ಬೆರಗಾಗುತ್ತಿದ್ದ ಆ ಎತ್ತರದ ಗುಟ್ಟೇ ಅದು. ಈಗ ಕೊನೆಯ ಪದಕ್ಕೆಂದು ಉಸಿರು ಉಳಿಸಿದರೆ ಎತ್ತರ ಸಿಗಲಿಲ್ಲ. ನಡುವೆ ಉಸಿರೆಳೆದರೆ ಬಿಕ್ಕಳಿಕೆ ಬಂದಂತಾಯಿತು. ಪದವನ್ನು ಬೇರೆಯಾಗಿ ಹಾಡಿಸಿ ಇಂಜಿನಿಯರ್ ಅಂಟಿಸಿಯೂ ನೋಡಿದ. ಹೊಸ ಅಂಗಿಗೆ ಗೋಣಿಯ ತೇಪೆ.

"ಬ್ಯಾಂಡಲ್ಲಿ ಜೊತೆಗೆ ಹಾಡ್ತಿದ್ದ ಆ ಇನ್ನೊಬ್ರನ್ನ ಕರೀಬಾರ್ದಾ?" ಎಂದ.

ಅದಕ್ಕಿಂತ ಅರಿವಳಿಕೆಯಿಲ್ಲದೆ ಹಲ್ಲು ಕೀಳಿಸಿಕೊಳ್ಳುವುದು ಮೇಲು ಎಂದಳು ಸಿಡಿಲು. ವಾರ ಕಳೆಯುವುದರೊಳಗೆ ಫೋನು ಮಾಡಿದಳು.

"ಅತ್ತಿಗೆ, ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ. ಎಷ್ಟು ಹಾಡಲ್ಲಿ ಬಿಟ್ಟಿದ್ದೀಯ?"

"ಏನನ್ನ?"

"ಕೊನೇ ಪದಾನ."

ಸಿಡಿಲು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಎಲ್ಲಾದ್ರಲ್ಲೂ," ಎಂದಳು ಕೊನೆಗೆ. ಆ ಕಡೆ ಅತ್ತಿಗೆ ನಕ್ಕ ನಗೆಗೆ ಕೆಮ್ಮು ಹತ್ತಿತು.

ಅತ್ತಿಗೆ ಬಂದಳು. ಕೈಯಲ್ಲಿ ತರಕಾರಿ ಚೀಲ. ಚೀಲವನ್ನು ಬಾಗಿಲ ಬಳಿ ಇಟ್ಟು, ಚಪ್ಪಲಿ ಬಿಟ್ಟು, ಹಾಡುವ ಮೊದಲೇ ಮಾತು ಮುಗಿಸಿದಳು.

"ಹೆಸರು ಹಾಕಿದ್ರೂ ಸರಿ, ಬಿಟ್ರೂ ಸರಿ. ಒಬ್ಳೇ ಹಾಡ್ದೆ ಅಂತ ಮಾತ್ರ ಎಲ್ಲೂ ಹೇಳಬಾರ್ದು. ಹೇಳಿದ್ಯೋ, ಆವತ್ತಿಂದ ನಾನು ನಿಮ್ಮಣ್ಣನ ಹೆಂಡ್ತಿ, ಅಷ್ಟೇ. ಊಟಕ್ಕೆ ಬಾ, ಬಡಿಸ್ತೀನಿ. ಹಾಡೋಕೆ ಮಾತ್ರ ಕರೀಬೇಡ."

"ಅಯ್ಯೋ, ನಾನ್ಯಾಕೆ ಹೇಳ್ಲಿ? ನನ್ನ ಬಾಯಿ ನಿಮಗೆ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಹೇಳಿದ್ದು."

ಬೇರೆಬೇರೆ ಮೈಕಿನಲ್ಲಿ ದನಿ ಕೂಡಲಿಲ್ಲ. ಒಂದೇ ಮೈಕಿಗೆ ಇಬ್ಬರೂ ಕತ್ತು ಚಾಚಿದರು. ಸಿಡಿಲಿನ ಉಸಿರು ತೀರುವ ಕಡೆ ಅತ್ತಿಗೆಯದು ಶುರುವಾಗುತ್ತಿತ್ತು. ಎಲ್ಲಿ ಕೈ ಬದಲಾಯಿತೆಂದು ಇಂಜಿನಿಯರಿಗೂ ತಿಳಿಯಲಿಲ್ಲ. ಬಿಸ್ಕತ್ತನ್ನು ಅರ್ಧಕ್ಕೇ ಬಿಟ್ಟು ಕೇಳಿದ.

ಆಲ್ಬಮ್ಮು ಹೊರಬಂತು. ಹೊದಿಕೆಯ ಮೇಲೆ ಒಂದೇ ಮುಖ, ಒಂದೇ ಹೆಸರು. ಒಂದೇ ದಿನದಲ್ಲಿ ಅದು ಎಷ್ಟು ಖರ್ಚಾಯಿತೆಂದರೆ, ಸಿಡಿಲು ಹೇಳುವ ಪ್ರಕಾರ, ಭೂಮಿಯ ಮೇಲೆ ಕಿವಿಗಳೇ ಸಾಲದೆ ಕೆಲವರು ಎರಡೆರಡು ಸಲ ಕೊಂಡರು. ರೇಡಿಯೋದವರು ನೇರ ಪ್ರಸಾರಕ್ಕೆ ಕರೆದರು. "ನಾವೆಲ್ಲ ಹಚ್ಕೊಂಡು ಕೂತಿರ್ತೀವಿ ಕಣೇ, ಅತ್ತಿಗೇನೂ," ಎಂದಳು ಅಮ್ಮ.

ಪುಟ್ಟ ಕೋಣೆ, ಉದ್ದ ಕತ್ತಿನ ಮೈಕು, ಬಾಗಿಲ ಮೇಲೆ ಪ್ರಸಾರ ನಡೆಯುತ್ತಿದೆ ಎಂದು ಸಾರುವ ಕೆಂಪು ದೀಪ. ನಿರೂಪಕಿ ಸಕ್ಕರೆಯಂಥ ದನಿಯಲ್ಲಿ ಕೇಳಿದಳು:

"ಬ್ಯಾಂಡು ಬಿಟ್ಟು ಬಂದ್ರಿ. ಒಬ್ರೇ ಮಾಡೋದು ಕಷ್ಟ ಆಗ್ಲಿಲ್ವಾ?"

ಅತ್ತಿಗೆಯ ಮಾತು ನೆನಪಿರಲಿಲ್ಲವೆಂದಲ್ಲ. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ನಾಲಿಗೆಗೆ ಕೆಂಪು ದೀಪ ಕಂಡಿತ್ತು.

"ಕಷ್ಟಾನಾ? ಇದರಲ್ಲಿ ಕೇಳೋ ಒಂದೊಂದು ದನೀನೂ ನಂದೇ. ಇನ್ನೊಬ್ಬರ ಉಸಿರು ಸೋಕಿಲ್ಲ. ಒಂದೇ ಉಸಿರಿಗೆ ಮೂರು ಹಾಡು ಹಾಡಿದ್ದೀನಿ, ನಾಲ್ಕನೇದಕ್ಕೆ ಇಂಜಿನಿಯರ್ ಕೈ ಮುಗಿದು ನಿಲ್ಲಿಸಿದ."

"ಅಬ್ಬಾ! ಹಾಗಾದ್ರೆ ಆ ದೀಪದ ಹಾಡಿನ ಒಂದು ಸಾಲು, ಇಲ್ಲೇ, ನಮಗೋಸ್ಕರ?"

ಅದಕ್ಕೇನಂತೆ! ಸಿಡಿಲು ಎದೆ ತುಂಬ ಉಸಿರೆಳೆದು ಎತ್ತಿದಳು. 'ಬೀದಿ ದೀಪ ಆರಿಸಬೇಡ, ನಾನಿನ್ನೂ...'

ಅಲ್ಲಿಗೆ ಉಸಿರು ಖಾಲಿ. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿಯೂ ನೋಡಿದಳು. ಪಕ್ಕದಲ್ಲಿ ನೀರಿನ ಜಗ್ಗು ಇತ್ತು.

ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಸದ್ದು ಇನ್ನೊಂದಿಲ್ಲ. ನಿರೂಪಕಿ ಹುಬ್ಬೆತ್ತಿದಳು.

"ಗಂಟಲು ಸ್ವಲ್ಪ..." ಎಂದು ಸಿಡಿಲು ನೀರು ಕುಡಿದು ಮತ್ತೆ ಎತ್ತಿದಳು. ಮತ್ತೆ ಅಲ್ಲಿಗೇ ಬಂದು ನಿಂತಳು. "ಇದು ಹೊಸ ಶೈಲಿ," ಎಂದಳು. "ಉಳಿದಿದ್ದನ್ನ ಕೇಳೋರು ಮನಸ್ಸಲ್ಲೇ ತುಂಬ್ಕೋಬೇಕು."

"ಆದ್ರೆ ಮೇಡಂ, ರೆಕಾರ್ಡಲ್ಲಿ ಆ ಪದ ಇದೆಯಲ್ಲ? ಅದನ್ನ ಹಾಡಿದ್ಯಾರು?"

ಸಿಡಿಲಿಗೆ ಕೂಡಲೇ ಏಳೆಂಟು ಉತ್ತರ ಹೊಳೆದವು, ಒಂದಕ್ಕಿಂತ ಒಂದು ಚೆಂದ. ಯಾವುದನ್ನು ಹೇಳಿದರೂ ಈಕೆ ನಂಬುತ್ತಿದ್ದಳು, ಊರೂ ನಂಬುತ್ತಿತ್ತು. ಮನೆಯಲ್ಲಿ ರೇಡಿಯೋ ಮುಂದೆ ಕೂತವಳೊಬ್ಬಳನ್ನು ಬಿಟ್ಟು. ಅವಳು ಎದ್ದು ಒಳಗೆ ಹೋಗಿರಬಹುದು. ಹೋಗಿರದಿದ್ದರೆ ಈಗಲೇ ಹೇಳಬೇಕು.

"ನಮ್ಮತ್ತಿಗೆ," ಎಂದಳು. ದನಿ ಎಂದೂ ಇಲ್ಲದಷ್ಟು ಸಣ್ಣಗಿತ್ತು. "ಒಂದೊಂದು ಸಾಲಿನ ತುದೀಲೂ ಅವರೇ ಇರೋದು. ಒಬ್ಳೇ ಹಾಡ್ದೆ ಅಂದಿದ್ದು ಸುಳ್ಳು. ಹಾಗೆ ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೆ, ಅದನ್ನೂ ಮುರಿದೆ. ಬ್ಯಾಂಡು ಬಿಟ್ಟು ಒಬ್ಳೇ ಹೊರಟಾಗ ನನಗೆ ಒಂದು ಸಾಲೂ ಮುಗಿಸೋಕೆ ಬರ್ತಿರಲಿಲ್ಲ. ಈಗ್ಲೂ ಬರಲ್ಲ, ನೀವೇ ನೋಡಿದ್ರಲ್ಲ."