ಕೆನ್ನೆಯೊಳಗಿನ ಹೋಳು

ಈರುಳ್ಳಿ ಷೆಡ್ಡಿನ ಹಿಂದೆ, ಒಂದು ಕಾಲಕ್ಕೆ ಬೀಜದ ಚೀಲ ಪೇರಿಸಿಡುತ್ತಿದ್ದ ಉದ್ದನೆಯ ಕೋಣೆಯೊಂದಿತ್ತು. ಷೆಡ್ಡಿನಲ್ಲಿ ಈರುಳ್ಳಿ ಆರಿಸುವ ಹೆಂಗಸರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದದ್ದು ಅಲ್ಲೇ. ಗೋಡೆಗೆ ಸುಣ್ಣ ಬಳಿದು, ಅಂಗಳಕ್ಕೆ ಬೇಲಿ ಹಾಕಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಗೇಟಿಗೆ ಚಿಲಕ ಕೂರಿಸಿದ್ದರು. ಸುಣ್ಣ ಬಳಿಸಿದವರು, ಬೇಲಿ ಹಾಕಿಸಿದವರು ಯಾರೇ ಇರಲಿ, ಆ ಕೋಣೆಯನ್ನು ಮಕ್ಕಳ ಮನೆ ಮಾಡಿದವಳು ತಾನೇ ಎಂದು ದೊಡ್ಡಮ್ಮ ನಂಬಿದ್ದಳು. ಅದರಲ್ಲಿ ಸುಳ್ಳೂ ಇರಲಿಲ್ಲ. ಮೇಜಿನ ಮೂಲೆ ತಲೆಗೆ ತಾಗದಂತೆ ಹಳೆಯ ಬಟ್ಟೆ ಸುತ್ತಿ ಹೊಲಿದವಳು ಅವಳು. ಬಾಗಿಲ ಸಂದಿಗೆ ಬೆರಳು ಸಿಕ್ಕಬಾರದೆಂದು ಟೈರಿನ ರಬ್ಬರು ಕತ್ತರಿಸಿ ಬಡಿದವಳು ಅವಳು. ಅಂಗಳದಿಂದ ಒಳಗೆ ಬರುವಾಗ ಹೊಸ್ತಿಲಲ್ಲಿ ನಿಂತು ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿಯೇ ಒಳಗೆ ಬಿಡುತ್ತಿದ್ದಳು. ಮಕ್ಕಳು ಅವಳನ್ನು ದೊಡ್ಡಮ್ಮ ಅಂದವು, ತಾಯಂದಿರೂ ಅಂದರು, ಕೊನೆಗೆ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ, ಆ ಕೋಣೆಯ ಉಸ್ತುವಾರಿ ಹೊತ್ತ ಟೀಚರಮ್ಮನೂ ಹಾಗೆಯೇ ಕರೆದರು.

ಮನೆಯಲ್ಲಿ ಅವಳು ಹಿರಿಸೊಸೆ. ಮೈದುನನಿಗೆ ಮದುವೆಯಾಗಿ ವಾರಗಿತ್ತಿ ಬಂದ ಮೇಲೆ ಅದು ಹೆಸರಿಗೆ ಮಾತ್ರ ಉಳಿಯಿತು. ಬಂದವಳು ಕೆಟ್ಟವಳಾಗಿದ್ದರೆ ದೊಡ್ಡಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಜಗಳ ಆಡಬಹುದಿತ್ತು, ಮೂಗು ಮುರಿಯಬಹುದಿತ್ತು. ಅವಳು ಹಾಗಿರಲಿಲ್ಲ. ನಗುನಗುತ್ತ “ಅಕ್ಕ, ನೀವು ಕೂತ್ಕೊಳ್ಳಿ” ಅನ್ನುತ್ತಲೇ ಒಲೆ ಹಿಡಿದಳು. ದೊಡ್ಡಮ್ಮ ಕೂತು ಎದ್ದು ನೋಡುವಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳೆಲ್ಲ ವಾರಗಿತ್ತಿಯ ಕೈಗೆ ಹೊಂದುವ ಜಾಗಕ್ಕೆ ಸರಿದಿದ್ದವು. ಅತ್ತೆ ತುತ್ತು ತುತ್ತಿಗೂ “ಚಿಕ್ಕವಳ ಕೈ ಅಂದ್ರೆ ಕೈ” ಅಂದರು. ದೊಡ್ಡಮ್ಮನ ಗಂಡ ಕೂಡ, ಇಷ್ಟು ವರ್ಷ ಏನು ಬಡಿಸಿದರೂ ತುಟಿ ಬಿಚ್ಚದೆ ಉಂಡ ಮನುಷ್ಯ, ಒಂದು ದಿನ ತಟ್ಟೆಯಿಂದ ತಲೆಯೆತ್ತಿ “ಇವತ್ತು ಯಾರ ಅಡುಗೆ?” ಎಂದು ಕೇಳಿದ. ಆಮೇಲಿಂದ ಅವಳು ಬೆಳಗಾಗುವುದನ್ನೇ ಕಾಯತೊಡಗಿದಳು. ಬೆಳಗಾದರೆ ಮಕ್ಕಳ ಮನೆ. ಅಲ್ಲಿ ವಾರಗಿತ್ತಿ ಇರಲಿಲ್ಲ.

ಈ ಸಲ ಈರುಳ್ಳಿ ಹೆಚ್ಚು ಬಂತು. ಷೆಡ್ಡಿಗೆ ಹೆಂಗಸರು ಹೆಚ್ಚಿದರು, ಕೋಣೆಗೆ ಮಕ್ಕಳು ಹೆಚ್ಚಿದವು. ಇನ್ನೊಬ್ಬರು ಬೇಕೆಂದು ಟೀಚರಮ್ಮ ಅಂದದ್ದು ಯಾರ ಬಾಯಿಂದ ಮನೆ ಮುಟ್ಟಿತೋ, ಅತ್ತೆ ಕರೆದು ಹೇಳಿದರು:

“ಹೊರಗಿನೋರು ಯಾಕೆ? ಚಿಕ್ಕವಳನ್ನೇ ಕರ್ಕೊಂಡ್ ಹೋಗು. ಮಕ್ಕಳು ಅಂದ್ರೆ ಪ್ರಾಣ ಅವಳಿಗೆ.”

“ಅಲ್ಲಿ ಕೆಲಸ ಕಷ್ಟ ಅತ್ತೆ. ಮೂಗು ಒರೆಸ್ಬೇಕು, ಕುಂಡೆ ತೊಳೀಬೇಕು.”

“ನಂಗೇನೂ ಅಸಹ್ಯ ಇಲ್ಲ ಅಕ್ಕ,” ಅಂದಳು ವಾರಗಿತ್ತಿ. “ನೀವಿರ್ತೀರಲ್ಲ, ಹೇಳ್ಕೊಡಿ.”

ಬಂದ ದಿನವೇ ಅವಳು ಮಕ್ಕಳಿಗೆ ಚಿಕ್ಕಮ್ಮ ಆದಳು.

ಕಿಟಕಿಯ ಕೆಳಗೆ ಒಂದು ಬೆಂಚಿತ್ತು. ಮಕ್ಕಳು ಅದನ್ನು ಹತ್ತಿ ಸರಳಿಗೆ ಜೋತುಬೀಳುವುದು, ದೊಡ್ಡಮ್ಮ ಓಡಿಹೋಗಿ “ಇಳೀರೋ, ಬಿದ್ರೆ ಹಲ್ಲು ಎಣಿಸ್ಕೋಬೇಕಾಗತ್ತೆ” ಎಂದು ಇಳಿಸುವುದು ವರ್ಷಗಟ್ಟಲೆ ನಡೆದು ಬಂದಿತ್ತು. ಚಿಕ್ಕಮ್ಮ ಒಂದು ಬೆಳಿಗ್ಗೆ ಆ ಬೆಂಚನ್ನು ದರದರ ಎಳೆದು ಎದುರು ಗೋಡೆಗೆ ಹಾಕಿದಳು. ಅಷ್ಟೇ. ಹತ್ತಲು ಏನೂ ಸಿಗದೆ ಮಕ್ಕಳು ಸುಮ್ಮನಾದವು.

“ಅಯ್ಯೋ, ಇಷ್ಟು ದಿನ ನಮಗ್ಯಾಕೆ ಇದು ಹೊಳೀಲಿಲ್ಲ ದೊಡ್ಡಮ್ಮ!” ಎಂದು ಟೀಚರಮ್ಮ ನಕ್ಕರು.

ಅವರು ‘ನಮಗೆ’ ಅಂದರೂ ಅದು ತನಗೊಬ್ಬಳಿಗೇ ಅಂದದ್ದು ಅನ್ನಿಸಿತು ದೊಡ್ಡಮ್ಮನಿಗೆ. ಅವಳೂ ನಕ್ಕಳು.

ಸಂಜೆ ತಾಯಂದಿರು ಕೈಯಲ್ಲಿ, ಕೂದಲಲ್ಲಿ ಈರುಳ್ಳಿ ವಾಸನೆ ಹೊತ್ತು ಬಂದಾಗ ಈಗ ಗೇಟಿನಿಂದಲೇ “ಚಿಕ್ಕಮ್ಮ ಎಲ್ಲಿ?” ಎಂದು ಕೇಳುತ್ತಿದ್ದರು. ಒಬ್ಬಳು ತಮಾಷೆಗೆ, “ಏನ್ ದೊಡ್ಡಮ್ಮ, ಅಧಿಕಾರ ಹೋಯ್ತಾ?” ಅಂದಳು.

“ಹೋದ್ರೆ ಹೋಗ್ಲಿ ಬಿಡೇ, ಸೊಂಟ ಉಳೀತು,” ಎಂದು ದೊಡ್ಡಮ್ಮ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ವಾರಗಿತ್ತಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಎಲ್ಲರೂ ಹೋಗಲಿ, ಕೋತಿಮರಿಯೊಬ್ಬ ತನ್ನವನು ಎಂಬ ಧೈರ್ಯ ಅವಳಿಗಿತ್ತು. ಷೆಡ್ಡಿನಲ್ಲಿ ತಕ್ಕಡಿ ಹಿಡಿಯುವವಳ ಮಗ ಅವನು. ಮಾತು ಇನ್ನೂ ಸರಿಯಾಗಿ ಬಾರದ, ಕೂರಿಸಿದಲ್ಲಿ ಕೂರುವ ಮೆತ್ತನೆಯ ಹುಡುಗ. ಇಂಥ ಸಾಧುವಿಗೆ ಕೋತಿಮರಿ ಅನ್ನುವ ಹೆಸರೇ ಎಂದು ಎಲ್ಲರೂ ನಗುತ್ತಿದ್ದರು. ಹೆಸರಿಟ್ಟವಳು ದೊಡ್ಡಮ್ಮ. ಯಾಕೆಂದು ಅವಳಿಗೆ ಮಾತ್ರ ಗೊತ್ತಿತ್ತು. ಊಟದ ಕೊನೆಯ ತುಂಡನ್ನು ಅವನು ನುಂಗುತ್ತಿರಲಿಲ್ಲ. ಕೋತಿಯ ಹಾಗೆ ಕೆನ್ನೆಯೊಳಗೆ ಸೇರಿಸಿಟ್ಟುಕೊಂಡು, ಹಾಗೆಯೇ ನಿದ್ದೆಗೆ ಜಾರುತ್ತಿದ್ದ. ಮಲಗಿಸುವ ಮುಂಚೆ ದೊಡ್ಡಮ್ಮ ಅವನ ತುಟಿಯ ಮೂಲೆಯಿಂದ ಬೆರಳು ಹಾಕಿ ತೆಗೆದುಬಿಡುತ್ತಿದ್ದಳು. ಮೂಗು ಒರೆಸಿದಷ್ಟೇ ಸಲೀಸಾಗಿ ನಡೆಯುತ್ತಿದ್ದ ಕೆಲಸ ಅದು. ಯಾರಿಗೂ ಹೇಳಬೇಕು ಅನ್ನಿಸಿರಲಿಲ್ಲ, ಯಾಕೆಂದರೆ ಅವನನ್ನು ಬೇರೆ ಯಾರೂ ಮಲಗಿಸುತ್ತಿರಲಿಲ್ಲ. ಚಿಕ್ಕಮ್ಮ ಬಂದ ಮೇಲೆ ಹೇಳಬಹುದಿತ್ತು. ಹೇಳದೆ ಉಳಿದ ಮೇಲೆ ಅದು ಗುಟ್ಟಾಯಿತು.

ಆ ದಿನ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಕೊನೆಗೆ ಒಂದೊಂದು ಸೇಬಿನ ಹೋಳು. ಬಾಯಿ ಒರೆಸಿ, ಬಾಗಿಲು ಮುಂದೆ ಮಾಡಿ, ಚಾಪೆ ಹಾಸಿದ್ದಾಯಿತು. ಬಾಗಿಲ ಕಡೆಯ ಮಕ್ಕಳು ದೊಡ್ಡಮ್ಮನಿಗೆ, ಕಿಟಕಿ ಕಡೆಯವು ಚಿಕ್ಕಮ್ಮನಿಗೆ. ಕೋತಿಮರಿ ತನ್ನ ಟವೆಲನ್ನು ಎಳೆದುಕೊಂಡು ಕೋಣೆಯ ನಡುವೆ ನಿಂತ. ಬಲಗೆನ್ನೆ ಒಂದಿಷ್ಟು ಉಬ್ಬಿತ್ತು. ನೋಡಿದವರು ಮಗುವಿನ ಕೆನ್ನೆಯೇ ಹಾಗೆ ಅಂದುಕೊಳ್ಳಬೇಕು, ಅಷ್ಟೇ.

“ಬಾರೋ,” ಎಂದು ದೊಡ್ಡಮ್ಮ ಕೈ ಚಾಚಿದಳು.

ಅವನು ಆ ಕೈಯನ್ನು ನೋಡಿದ. ನೋಡಿ, ತಿರುಗಿ, ಪುಟುಪುಟು ನಡೆದುಹೋಗಿ ಚಿಕ್ಕಮ್ಮನ ಮಡಿಲಲ್ಲಿ ಮುಖ ಹುದುಗಿಸಿದ.

“ಇರ್ಲಿ ಬಿಡಿ ಅಕ್ಕ,” ಚಿಕ್ಕಮ್ಮ ನಕ್ಕಳು. “ಇವತ್ತು ನಾನೇ ಮಲಗಿಸ್ತೀನಿ. ನೀವು ಸ್ವಲ್ಪ ಕಾಲು ಚಾಚಿ ಕೂತ್ಕೊಳ್ಳಿ.”

ಮತ್ತೆ ಅದೇ ಮಾತು. ನೀವು ಕೂತ್ಕೊಳ್ಳಿ. ಒಲೆಯೂ ಹೀಗೆಯೇ ಹೋಗಿತ್ತು. ಅವನ ಬಾಯಿ ನೋಡೇ ಅನ್ನುವ ಮಾತು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅವಳು ನುಂಗಿಕೊಂಡಳು. ಗೊತ್ತಾಗಲಿ ಅವಳಿಗೂ. ಒಂದು ಕೆಮ್ಮು ಬಂದರೆ ಸಾಕು. ಹುಡುಗ ಕೆಮ್ಮಿ ಉಗಿಯಬೇಕು, ಚಿಕ್ಕಮ್ಮ ಕಕ್ಕಾಬಿಕ್ಕಿಯಾಗಬೇಕು, ಟೀಚರಮ್ಮ ಓಡಿಬಂದು “ದೊಡ್ಡಮ್ಮ ಇದ್ದಿದ್ರೆ ಹೀಗಾಗ್ತಿತ್ತಾ?” ಅನ್ನಬೇಕು. ಅದಕ್ಕಿಂತ ಹೆಚ್ಚೇನೂ ಅವಳಿಗೆ ಬೇಕಿರಲಿಲ್ಲ.

ಚಿಕ್ಕಮ್ಮ ಅವನ ಅಂಗಾಲು ಉಜ್ಜುತ್ತ ಕೂತಳು. ಕಣ್ಣು ಮುಚ್ಚಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಟೀಚರಮ್ಮ ಇಣುಕಿ, ದನಿ ತಗ್ಗಿಸಿ, “ಪರವಾಗಿಲ್ವೇ! ಇನ್ಮೇಲೆ ಇವನು ನಿನ್ನ ಕಡೇನೇ ಇರ್ಲಿ,” ಎಂದು ಹೇಳಿ ಗೇಟಿನತ್ತ ಹೋದರು. ಚಿಕ್ಕಮ್ಮನ ಮುಖ ಅರಳಿತು. ಅವಳು ಮೆಲ್ಲಗೆ ಎದ್ದು, “ಅಕ್ಕ, ಒಂಚೂರು ನೋಡ್ಕೊಳ್ಳಿ. ತಟ್ಟೆ ತೊಳೆದಿಟ್ಟು ಬಂದ್ಬಿಡ್ತೀನಿ,” ಎಂದು ಹಿತ್ತಲಿಗೆ ನಡೆದಳು.

ದೊಡ್ಡಮ್ಮ ಕೂತೇ ಇದ್ದಳು. ಕೆಮ್ಮು ಬರಲಿಲ್ಲ. ಹಿತ್ತಲಲ್ಲಿ ನೀರು ಬೀಳುವ ಸದ್ದು, ತಟ್ಟೆಗೆ ತಟ್ಟೆ ತಾಗುವ ಸದ್ದು. ಒಂದು ಮಗು ನಿದ್ದೆಯಲ್ಲಿ ಹಲ್ಲು ಕಡಿಯಿತು, ಇನ್ನೊಂದು ಮಗ್ಗುಲಾಯಿತು. ಎಲ್ಲ ಮಕ್ಕಳ ಉಸಿರೂ ಅವಳಿಗೆ ಬೇರೆಬೇರೆಯಾಗಿ ಕೇಳುತ್ತಿತ್ತು, ಅವನೊಬ್ಬನದನ್ನು ಬಿಟ್ಟು. ದಿನವೂ ಬಾಯಿ ತೆರೆದು ಗೊರಗೊರ ಸದ್ದು ಮಾಡುತ್ತ ಮಲಗುವ ಹುಡುಗ ಇವತ್ತು ತುಟಿ ಬಿಗಿದುಕೊಂಡು ಅಂಗಾತ ಮಲಗಿದ್ದ.

ಅಷ್ಟರಲ್ಲಿ ಷೆಡ್ಡಿನ ಕಡೆ ಲಾರಿಯೊಂದು ಭೋಂ ಎಂದು ಹಾರನ್ ಹೊಡೆಯಿತು. ಕೋತಿಮರಿ ಬೆಚ್ಚಿಬಿದ್ದ. ಎರಡೂ ಕೈ ಗಾಳಿಯಲ್ಲಿ ಎದ್ದವು, ಗಂಟಲು ಒಮ್ಮೆ ಏರಿ ಇಳಿಯಿತು.

ದೊಡ್ಡಮ್ಮ ಚಾಪೆಗಳನ್ನು ದಾಟಿದ್ದು ಅವಳಿಗೇ ತಿಳಿಯಲಿಲ್ಲ. ಅವನನ್ನು ಮಗ್ಗುಲಿಗೆ ಹೊರಳಿಸಿ, ಹೊರಗಿನಿಂದ ಹೆಬ್ಬೆರಳಲ್ಲಿ ಕೆನ್ನೆಯನ್ನು ಮುಂದಕ್ಕೆ ಒತ್ತಿ, ತುಟಿಯ ಮೂಲೆಯಿಂದ ಕಿರುಬೆರಳು ತೂರಿಸಿದಳು. ಹೋಳು ಅಲ್ಲಿರಲಿಲ್ಲ. ಬೆರಳು ಇನ್ನೂ ಹಿಂದಕ್ಕೆ ಜರುಗಿತು. ಕೊನೆಯ ಹಲ್ಲಿನಾಚೆ, ನಾಲಿಗೆಯ ಬುಡಕ್ಕೆ ಜಾರುವುದರಲ್ಲಿತ್ತು ಅದು. ಕೊಕ್ಕೆಯ ಹಾಗೆ ಬೆರಳು ಬಾಗಿಸಿ ಹೊರಗೆಳೆದುಕೊಂಡಳು. ಗಟ್ಟಿ ಹೋಳು, ಹಲ್ಲಿನ ಗುರುತು ಕೂಡ ಆಗಿರಲಿಲ್ಲ.

ಹುಡುಗ ಎದ್ದು ಕಿಟಾರನೆ ಕಿರುಚಿಕೊಂಡ. ಚಿಕ್ಕಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. ದೊಡ್ಡಮ್ಮ ಮುಷ್ಟಿ ಮುಚ್ಚಿಕೊಂಡಳು.

“ಏನಾಯ್ತು ಅಕ್ಕ?”

ಹುಡುಗ ದೊಡ್ಡಮ್ಮನನ್ನು ಒದ್ದು ಬಿಡಿಸಿಕೊಂಡು ಚಿಕ್ಕಮ್ಮನ ಹೆಗಲೇರಿದ. ಅವಳು ಅವನ ಬೆನ್ನು ಸವರುತ್ತ ದೊಡ್ಡಮ್ಮನನ್ನೇ ನೋಡಿದಳು. ಅವಳ ದನಿ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ಹಾಗೆ ಕೇಳಿಸಿರಲಿಲ್ಲ.

“ಮಲಗಿದ್ ಮಗುನ ಯಾಕೆ ಎಬ್ಬಿಸಿದ್ರಿ? ನಾನು ಮಲಗಿಸ್ದೆ ಅಂತಾನಾ?”

ಮುಷ್ಟಿ ಬಿಚ್ಚಿದರೆ ತಾನು ಎಬ್ಬಿಸಿದ್ದು ಸರಿ ಎಂದಾಗುತ್ತಿತ್ತು. ಜೊತೆಗೆ ತಿಳಿದೂ ಮುಚ್ಚಿಟ್ಟದ್ದು ಗೊತ್ತಾಗುತ್ತಿತ್ತು. ಬಿಚ್ಚದಿದ್ದರೆ ಹೋಳನ್ನು ಕಿಟಕಿಯಿಂದಾಚೆ ಎಸೆದು ಮುಗಿಸಬಹುದಿತ್ತು. ನಾಳೆಯೂ ಹುಡುಗ ಅದೇ ಮಡಿಲಿಗೆ ಹೋಗುತ್ತಾನೆ, ನಾಳೆಯೂ ಅವನ ಕೆನ್ನೆಯಲ್ಲಿ ಒಂದು ತುಂಡು ಇರುತ್ತದೆ. ನಾಳೆ ತನಗೆ ಜ್ವರ ಬಂದರೆ? ದೊಡ್ಡಮ್ಮ ಮುಷ್ಟಿ ಬಿಚ್ಚಿದಳು.

ಚಿಕ್ಕಮ್ಮ ಹೋಳನ್ನು ನೋಡಿದಳು. “ಇವನ ಬಾಯಲ್ಲಿತ್ತಾ?”

“ಕೆನ್ನೇಲಿ.”

“ನಿಮಗೆ ಹೇಗೆ ಗೊತ್ತಾಯ್ತು?”

“ದಿನಾ ಇಟ್ಕೊಳ್ತಾನೆ. ಮಲಗೋ ಮುಂಚೆ ತೆಗೀಬೇಕು.”

“ದಿನಾನಾ?” ಚಿಕ್ಕಮ್ಮ ಹುಡುಗನನ್ನು ಅವುಚಿಕೊಂಡೇ ಕುಸಿದು ಕೂತಳು. ಆಮೇಲೆ, “ನನ್ನ ಮೇಲೆ ಸಿಟ್ಟಿದ್ರೆ ನನ್ನ ಕೆನ್ನೆಗೆ ಹೊಡೀಬೇಕಿತ್ತು ಅಕ್ಕ,” ಅಂದಳು.

ಹುಡುಗನ ಬಿಕ್ಕಳಿಕೆ ನಿಂತ ಮೇಲೆ ದೊಡ್ಡಮ್ಮ, “ಬೆರಳು ಕೊಡು ಇಲ್ಲಿ,” ಅಂದಳು. ಚಿಕ್ಕಮ್ಮನ ಕಿರುಬೆರಳು ಹಿಡಿದು, ಸೋಪಿನ ನೊರೆಯನ್ನು ತನ್ನ ಸೆರಗಿನಿಂದ ಒರೆಸಿ, ಹುಡುಗನ ತುಟಿಯ ಮೂಲೆಗೆ ಒಯ್ದಳು. “ನೇರವಾಗಿ ತೂರಿಸ್ಬಾರ್ದು, ತುಂಡು ಒಳಗೆ ಹೋಗ್ಬಿಡತ್ತೆ. ಕೆನ್ನೆಗೆ ಒತ್ಕೊಂಡೇ ಹೋಗ್ಬೇಕು. ಹ್ಞಾ. ಈಗ ಬಾಗಿಸು.” ಎರಡು ಬೆರಳು ಒಟ್ಟಿಗೆ ಆ ಬೆಚ್ಚನೆಯ ಕೆನ್ನೆಯೊಳಗೆ ಹೋಗಿ ಬಂದವು. ಹುಡುಗ ಇಬ್ಬರ ಬೆರಳನ್ನೂ ಕಚ್ಚಿದ.

ಸಂಜೆ ದೊಡ್ಡಮ್ಮ ತಾನಾಗಿಯೇ ಟೀಚರಮ್ಮನಿಗೂ ತಕ್ಕಡಿಯವಳಿಗೂ ಹೇಳಿದಳು. ತಕ್ಕಡಿಯವಳು ಮಗನ ಬಾಯಿಯನ್ನು ಅಲ್ಲಿಯೇ ತೆರೆಸಿ ನೋಡಿದಳು, ದೊಡ್ಡಮ್ಮನ ಮುಖ ನೋಡಲಿಲ್ಲ. ಟೀಚರಮ್ಮ ಬೈಯಲಿಲ್ಲ. “ಗೊತ್ತಿರೋದನ್ನ ಒಬ್ರೇ ಇಟ್ಕೊಳ್ಳೋ ಜಾಗ ಅಲ್ಲ ಇದು ದೊಡ್ಡಮ್ಮ,” ಎಂದು ಹೇಳಿ ಬೀಗದ ಕೈ ಎತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಸುದ್ದಿ ಷೆಡ್ಡಿಗೆಲ್ಲ ಹರಡಿತು. “ಓ, ಅದಕ್ಕಾ ಕೋತಿಮರಿ!” ಎಂದು ಎಲ್ಲರಿಗೂ ಅರ್ಥವಾಯಿತು. ಅವಳೊಬ್ಬಳದಾಗಿದ್ದ ಹೆಸರಿನ ಗುಟ್ಟೂ ಹೀಗೆ ಊರಿನದಾಯಿತು.

ಆ ರಾತ್ರಿ ಮನೆಯಲ್ಲಿ ಚಿಕ್ಕಮ್ಮ ಬಡಿಸಿದಳು, ನಗಲಿಲ್ಲ. ದೊಡ್ಡಮ್ಮ ಉಂಡಳು. ಅಡುಗೆ ಎಂದಿನಂತೆಯೇ ಚೆನ್ನಾಗಿತ್ತು, ಅದೂ ಅವಳನ್ನು ಉರಿಸಿತು.

ಮಾರನೆಯ ಮಧ್ಯಾಹ್ನ ಕೋತಿಮರಿ ಟವೆಲು ಎಳೆದುಕೊಂಡು ನೇರ ಕಿಟಕಿಯ ಕಡೆಗೇ ಹೋದ. ಈ ಸಲ ನಡುವೆ ನಿಲ್ಲಲೂ ಇಲ್ಲ. ದೊಡ್ಡಮ್ಮ ತನ್ನ ಕಡೆಯ ಮಗುವೊಂದನ್ನು ತಟ್ಟುತ್ತ, ಬೇರೆ ಕಡೆ ನೋಡುತ್ತ ಕೇಳಿದಳು:

“ಬಲಗಡೆ ನೋಡಿದೆಯಾ?”

“ನೋಡ್ದೆ ಅಕ್ಕ.”

“ಎಡಗಡೆ?”

“ಅದೂ ನೋಡ್ದೆ.”

“ಇನ್ನೊಂದ್ಸಲ ನೋಡು.”

ಚಿಕ್ಕಮ್ಮ ಕಿರುಬೆರಳನ್ನು ಸೆರಗಿಗೆ ಒರೆಸಿಕೊಂಡು ಇನ್ನೊಂದು ಸಲ ನೋಡಿದಳು.