ಐದಕ್ಕೆ ಎಷ್ಟು?

ಯೋಜನೆಯ ಪರಿಶೀಲನೆಗೆ ರಾಜಧಾನಿ ಬಿಷ್ಕೆಕ್‌ನಿಂದ ಅಧಿಕಾರಿ ಬರುತ್ತಾಳೆಂದು ಗೊತ್ತಾದ ದಿನವೇ ಪೊಲೀಸ್ ಕ್ಯಾಪ್ಟನ್ ಸಾಪರ್ಬೆಕ್ ಉಜ್ಬೆಕರ ಮಸ್ತುರಾಳ ರೊಟ್ಟಿ ಅಂಗಡಿಗೆ ಬಂದ. ಬಿಸಿ ನಾನ್ ಎರಡು ತಿಂದು, ಕೈ ಒರೆಸಿಕೊಂಡು, ಬಂದ ಕೆಲಸ ಹೇಳಿದ. ಗಲಭೆ ತಡೆಯಲೆಂದು ಪೊಲೀಸರು ಮೊಹಲ್ಲಾದವರಿಗೆ ತುರ್ತಿನ ಫೋನ್ ನಂಬರು ಕೊಟ್ಟು, ಗೋಡೆಗಳ ಮೇಲೂ ಬರೆಸಿ ಮೂರು ವರ್ಷವಾಯಿತು. ಯೋಜನೆ ಉಳಿಯಬೇಕಾದರೆ ಜನ ಒಳ್ಳೆಯ ಮಾತಾಡಬೇಕು, ಅದರಲ್ಲೂ ಮಸ್ತುರಾಳಂಥವಳು ಹೇಳಿದರೆ ಅದರ ತೂಕವೇ ಬೇರೆ. ಹೊರಡುವಾಗ, ಅಂಗಡಿಯ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತದಲ್ಲವೇ ಎಂದೂ ಕೇಳಿದ.

ಮಸ್ತುರಾಳಂಥವಳು ಎಂದರೇನೆಂದು ಊರಿಗೆಲ್ಲ ಗೊತ್ತು. ಹದಿನಾಲ್ಕು ವರ್ಷದ ಹಿಂದೆ ಜೂನ್‌ನಲ್ಲಿ ಕಿರ್ಗಿಜರೂ ಉಜ್ಬೆಕರೂ ಒಬ್ಬರ ಮನೆಗೊಬ್ಬರು ಬೆಂಕಿಯಿಟ್ಟಾಗ ಅವಳ ತಮ್ಮ ತೋಹಿರ್ ಓಡಲಿಲ್ಲ. ಠಾಣೆಗೆ ಫೋನು ಮಾಡುತ್ತ ಕೂತ. ರಿಂಗ್ ಆಗ್ತಿದೆ ಅಕ್ಕಾ, ಈಗ ಎತ್ತುತ್ತಾರೆ ಎನ್ನುತ್ತಲೇ ಇದ್ದ. ಹಿತ್ತಿಲ ಗೋಡೆ ಹಾರಿ ಕಿರ್ಗಿಜ್ ನೆರೆಯವಳಾದ ಬುರುಲ್‌ಳ ಕೊಟ್ಟಿಗೆ ಸೇರಿ ಬದುಕಿದವಳು ಮಸ್ತುರಾ ಒಬ್ಬಳೇ. ತಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ಆ ಫೋನಿನ ವಿಷಯ ಯಾರಾದರೂ ಕೇಳಲಿ ಎಂದು ಕಾದಳು. ಇವತ್ತಿನವರೆಗೂ ಯಾವ ನರಪಿಳ್ಳೆಯೂ ಕೇಳಲಿಲ್ಲ.

ಹೊಟ್ಟೆಪಾಡು ನೋಡಿಕೋ, ಎಷ್ಟು ಸುರಕ್ಷಿತ ಎಂದು ಕೇಳಿದರೆ ಐದಕ್ಕೆ ಐದು ಎಂದು ಹೇಳಿ ಎದ್ದು ಬಾ ಎಂದು ಬುರುಲ್ ಬುದ್ಧಿ ಹೇಳಿದಳು.

ಪರಿಶೀಲನೆ ಠಾಣೆಯ ಸಭಾಂಗಣದಲ್ಲಿ ನಡೆಯಿತು. ಕ್ಯಾಪ್ಟನ್ ಎಂದರೆ ಕ್ಯಾಪ್ಟನ್ನೇ. ಒಂದು ಸಾಲಿಗೆ ಉಜ್ಬೆಕ್ ಹಿರಿಯರು ಆರು ಮಂದಿ, ಇನ್ನೊಂದಕ್ಕೆ ಬಿಳಿ ಉಣ್ಣೆ ಟೋಪಿಯ ಕಿರ್ಗಿಜ್ ಹಿರಿಯರು ಆರು ಮಂದಿ, ಲೆಕ್ಕ ಹಾಕಿ ಕೂರಿಸಿದ್ದ. ಕಿರ್ಗಿಜರಲ್ಲಿ ಒಬ್ಬ ಕಡಿಮೆ ಬಿದ್ದದ್ದಕ್ಕೆ ಉಜ್ಬೆಕ್ ಕ್ಷೌರಿಕ ಹೈಟ್‌ಬೈಗೇ ಆ ಟೋಪಿ ಹಾಕಿಸಿದ್ದ. ಪಾಪ, ಅದು ಅವನ ಕಿವಿಯವರೆಗೂ ಇಳಿದಿತ್ತು. ಅಧಿಕಾರಿ ಚೋಲ್ಪೋನ್ ಒಬ್ಬೊಬ್ಬರನ್ನೂ ಐದಕ್ಕೆ ಎಷ್ಟು ಸುರಕ್ಷಿತ ಅನ್ನಿಸುತ್ತದೆ ಎಂದು ಕೇಳುತ್ತ ಬಂದಳು. ಎಲ್ಲರೂ ಐದು ಎಂದರು. ಹೈಟ್‌ಬೈ ಟೋಪಿ ಎತ್ತಿಕೊಂಡು ಐದು ಎಂದ.

ಸರದಿ ಮಸ್ತುರಾಳಿಗೆ ಬಂತು.

"ನನ್ನ ಯಾಕೆ ಕೇಳ್ತೀಯ ಮಗಳೇ? ನಂಬರು ಇದೆಯಲ್ಲ, ಈಗಲೇ ಮಾಡಿ ನೋಡು."

ಅದು ತುರ್ತಿಗೆ ಮಾತ್ರ ಎಂದು ಕ್ಯಾಪ್ಟನ್ ಅಡ್ಡ ಬಂದ. ಚೋಲ್ಪೋನ್ ಅಷ್ಟರಲ್ಲಿ ಒತ್ತಿಯಾಗಿತ್ತು. ಗೋಡೆಯಾಚೆ, ಪಕ್ಕದ ಕೋಣೆಯಲ್ಲೇ, ಫೋನು ಹೊಡೆದುಕೊಳ್ಳತೊಡಗಿತು. ಕೋಣೆಗೆ ಬೀಗ. ಹನ್ನೆರಡು ಮಂದಿ ಹಿರಿಯರೂ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು. ತಾನಾಗಿಯೇ ನಿಂತಿತು. ಚೋಲ್ಪೋನ್ ಮತ್ತೆ ಮಾಡಿದಳು. ಮತ್ತೆ ಹೊಡೆದುಕೊಂಡಿತು. ಮಸ್ತುರಾ ತಲೆ ತಗ್ಗಿಸಲಿಲ್ಲ.

"ಊಟದ ಹೊತ್ತು. ಡ್ಯೂಟಿಯವನು ಈಗ ಬರ್ತಾನೆ," ಎಂದ ಕ್ಯಾಪ್ಟನ್.

"ಅವತ್ತೂ ಊಟದ ಹೊತ್ತೇ, ಸಾಹೇಬ್ರೇ."

ಕ್ಯಾಪ್ಟನ್ನನ ಮುಖ ಹುಳ್ಳಗಾಯಿತು. ದನಿ ತಗ್ಗಿಸಿ, ಇದನ್ನು ಬರೆದರೆ ಯೋಜನೆಯೇ ಮುಚ್ಚಿಹೋಗುತ್ತದೆ, ಇರುವ ಒಂದು ನಂಬರೂ ಹೋದರೆ ನಿಮ್ಮವರಿಗೇ ನಷ್ಟ ಎಂದ. ಪರವಾನಗಿಯ ನೆನಪನ್ನೂ ಮಾಡಿಕೊಟ್ಟ.

"ಹೋಗ್ಲಿ ಬಿಡಿ. ಅವತ್ತು ಠಾಣೆ ನಂಬರು ಇಲ್ದೇ ಇದ್ದಿದ್ರೆ ನನ್ನ ತಮ್ಮ ಓಡ್ತಿದ್ದ. ಎತ್ತೋದಿದ್ರೆ ಇಡಿ, ಇಲ್ಲಾಂದ್ರೆ ಗೋಡೆ ಮೇಲಿಂದ ಅಳಿಸಿಬಿಡಿ. ಅಂಗಡಿ ಬೇಕಾದ್ರೆ ನಾಳೆನೇ ಮುಚ್ಚಿಸಿ, ಬೀದೀಲಿ ಕೂತು ರೊಟ್ಟಿ ಸುಡ್ತೀನಿ."

ಚೋಲ್ಪೋನ್ ಹಾಳೆಯ ಮೇಲೆ ಬಹಳ ಹೊತ್ತು ಬರೆದಳು. ಆಮೇಲೆ ಮೆಲ್ಲಗೆ, ನಿಯಮದ ಪ್ರಕಾರ ಹೆಸರು ಕೊಡಬೇಕಾಗಿಲ್ಲ, ಕೊಡದಿದ್ದರೇ ನಿಮಗೆ ಕ್ಷೇಮ ಎಂದಳು.

"ಹೆಸರು ಬರಿ ಮಗಳೇ. ಬೀದಿ ಬರಿ, ಮನೆ ನಂಬರು ಬರಿ," ಎಂದಳು ಮಸ್ತುರಾ. "ಯಾರಾದ್ರೂ ಎತ್ತಿದ್ರೆ ಹೇಳೋಣ ಅಂತ ತೋಹಿರ್ ಇಷ್ಟನ್ನೇ ಬಾಯಿಪಾಠ ಮಾಡ್ಕೊಂಡು ಕೂತಿದ್ದ."